ನೀರಿನೊಳಗಿನ ಬಲೆ

ಮೊನ್ನೆ ಮಗಳ ಜೊತೆ ಮೊಮ್ಮಗನಿಗೆ ಲಸಿಕೆ ಹಾಕಿಸಲು ಹೋಗಿದ್ದೆ. ನರ್ಸು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದಳು. ಆ ವಾಸನೆಗೆ ಅಫಜಲಪುರದ ದವಾಖಾನೆಯ ಡಾಕ್ಟರು ಕಣ್ಣೆದುರು ಬಂದರು... ತೋಳು ಮಡಚಿದ ಬಿಳಿ ಕೋಟು, ಏಲಕ್ಕಿ ಜಗಿಯುವ ಚಟ. ಹೆಣ್ಣುಮಕ್ಕಳನ್ನು ಗೌರವದಿಂದ ಕರೆಯುವಂತೆ ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು.

ಎಂಬತ್ತರ ದಶಕ. ಕರಜಗಿಯಲ್ಲಿದ್ದೆವು. ಮಗಳು ಇನ್ನೂ ಸಣ್ಣವಳು. ವಾರಗಟ್ಟಲೆ ಬಿಡದ ಜ್ವರ, ವಾಂತಿ. ಆಮೇಲೆ ಕುತ್ತಿಗೆ ಸೆಟೆದು, ಕರೆದರೂ ಕಣ್ಣು ತೆರೆಯದಾದಾಗ ಅಫಜಲಪುರಕ್ಕೆ ಒಯ್ದೆವು. ಬೆನ್ನಿನಿಂದ ನೀರು ತೆಗೆದು ನೋಡಬೇಕೆಂದರು ಬಾಯಾರು. ಅತ್ತೆ ಕೂಸನ್ನು ಅವಚಿಕೊಂಡುಬಿಟ್ಟರು.

“ಬ್ಯಾಡ್ರಿ ಬಾಯಾರ, ಬೆನ್ನಾಗ ಸೂಜಿ ಚುಚ್ಚಿದ್ರ ಕಾಲು ಬೀಳ್ತಾವಂತ.”

“ಕಾಲಿನ ಜಿಮ್ಮಾ ನಂದು, ಅವ್ವ. ಮೊದಲ ಜೀವ ಉಳಸೋಣು, ಕೊಡ್ರಿ ಇಲ್ಲಿ.”

ಅತ್ತೆ ನನ್ನ ಮುಖ ನೋಡಿದರು. ನಾನು ಹೂಂ ಎಂದೆ.

ಬಂದ ನೀರು ತಿಳಿಯಾಗಿಯೇ ಇತ್ತು. ಅದನ್ನು ಗಾಜಿನ ನಳಿಕೆಯಲ್ಲಿ ಅಲುಗಾಡದಂತೆ ಇಡಿಸಿದರು. ಮರುದಿನ ಬೆಳಿಗ್ಗೆ ನನ್ನನ್ನು ಕಿಟಕಿಯ ಬಳಿ ಕರೆದು ತೋರಿಸಿದರು. ನೀರಿನೊಳಗೆ ಜೇಡನ ಬಲೆಯಂಥದ್ದೊಂದು ತೂಗುತ್ತಿತ್ತು.

“ರಕ್ತ ಹೆಪ್ಪುಗಟ್ಟಸೋ ಸತ್ವ ಇದು. ಬೆನ್ನಿನ ನೀರಾಗ ಹಿಂಗ ಇರಬಾರದು. ಬ್ಯಾನಿ ಮಿದುಳಿನ ಪರದೆಗೆ ಹತ್ತಿದಾಗ ಸೋರಿ ಬಂದು ಬಲಿ ಕಟ್ತದ. ಟಿ.ಬಿ. ಇದ್ದಂಗ ಅದ. ಕಲಬುರ್ಗಿಯಿಂದ ರಿಪೋರ್ಟ್ ಬರೋತನ ನಾ ಕಾಯೂದಿಲ್ಲ, ಇವತ್ತೇ ಔಷಧ ಸುರು ಮಾಡ್ತೇನಿ.”

ದಿನವೂ ಇಂಜೆಕ್ಷನ್ನು, ಗುಳಿಗೆ. ಬಹಳ ದಿನ ಗುಣವೇನೂ ಕಾಣಲಿಲ್ಲ. ಒಂದು ಮಧ್ಯಾಹ್ನ ಮಗಳು ಕಣ್ಣು ಬಿಟ್ಟು, “ಯವ್ವಾ, ರೊಟ್ಟಿ” ಅಂದಳು. ಅತ್ತೆ ವರಾಂಡಕ್ಕೆ ಓಡಿ ಬಾಯಾರ ಎರಡೂ ಕೈ ಹಿಡಿದು ಅತ್ತರು.

“ರೊಟ್ಟಿ ಈಗ ಬ್ಯಾಡ, ಗಂಜಿ ಕೊಡ್ರಿ” ಎಂದು ಬಾಯಾರು ನಕ್ಕರು. ಅವರ ಕಣ್ಣೂ ಒದ್ದೆಯಾಗಿತ್ತು.

ಔಷಧ ವರ್ಷ ದಾಟಿ ನಡೆಯಿತು. ಅದು ಮುಗಿಯುವ ಹೊತ್ತಿಗೆ ಬಾಯಾರಿಗೆ ಜೇವರ್ಗಿಗೆ ವರ್ಗವಾಗಿತ್ತು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಂಡು ಅಲ್ಲಿಗೇ ಹೋದೆವು. ಬಾಯಾರು ಮಗಳನ್ನು ಅಂಗಳದ ತುಂಬ ಓಡಿಸಿದರು. “ಇನ್ನೊಮ್ಮೆ ಓಡವ್ವ” ಎನ್ನುತ್ತ ಮತ್ತೆ ಮತ್ತೆ ಓಡಿಸಿದರು. ಆಮೇಲೆ ಅತ್ತೆಯ ಕಡೆ ತಿರುಗಿ, “ನೋಡ್ರಿ ಅವ್ವ, ಕಾಲು!” ಎಂದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು...

ಮೊನ್ನೆ ಲಸಿಕೆ ಮುಗಿಸಿ ಹೊರಬರುವಾಗ, ಹಿಂದೆ ಬಾಯಾರ ಕೈಕೆಳಗೆ ಕೆಲಸ ಮಾಡಿದ್ದ ಹಳೆಯ ಆಯಾ ಸಿಕ್ಕಳು, ಬಾಯಾರ ಸುದ್ದಿ ಕೇಳಿದೆ. ಅವರು ತೀರಿಕೊಂಡು ಬಹಳ ವರ್ಷಗಳಾದವಂತೆ. ಮಗಳು ಕೂಸನ್ನೆತ್ತಿಕೊಂಡು ಆಗಲೇ ಮುಂದೆ ನಡೆದಿದ್ದಳು.

ಸುದ್ದಿ ಮುಟ್ಟದ ಎಷ್ಟೋ ಮನೆಗಳಲ್ಲಿ ಬಾಯಾರು ಇನ್ನೂ ಬದುಕಿದ್ದಾರೆ. ಆ ಗಳಿಗೆಯವರೆಗೆ ನಮ್ಮ ಮನೆಯಲ್ಲೂ ಇದ್ದರು.