ಎಯುಜಿ ಎಲ್ಲಿದೆ ಎಂದು ಹುಡುಕದೆ

ಆ ಮಧ್ಯಾಹ್ನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾನು ಅಂಗನವಾಡಿಯಲ್ಲಿ ಸಹಾಯಕಿ. ಕಾರ್ಯಕರ್ತೆಯಾಗಬೇಕೆಂದರೆ ಪಿಯುಸಿ ಪಾಸಾಗಿರಬೇಕು. ಜೀವಶಾಸ್ತ್ರ ಒಂದು ಉಳಿದಿತ್ತು. ಮದುವೆ, ಬಾಣಂತನದ ಗಡಿಬಿಡಿಯಲ್ಲಿ ಅದು ಹಾಗೇ ಬಿದ್ದುಹೋಗಿತ್ತು. ಈಗ ಮಗಳೂ ಅದೇ ಪರೀಕ್ಷೆಗೆ ಕೂರುವವಳು. "ನೀನೂ ಬಾರಬೇ, ಕೂಡೇ ಹೋಗೂನು" ಎಂದು ಅವಳೇ ನನ್ನನ್ನು ಹಂಪಸಾಗರದಿಂದ ಹಗರಿಬೊಮ್ಮನಹಳ್ಳಿಯ ಟ್ಯೂಷನ್ನಿಗೆ ಎಳೆದೊಯ್ದಳು.

ಆರ್‌ಎನ್‌ಎ ಪಾಠ ಬಂದಾಗ ನನಗೆ ಭಾರಿ ಉಮೇದು. ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಸಾಲು, ಅದರಲ್ಲಿ ಮೂರು ಅಕ್ಷರಕ್ಕೊಂದು ಅಮೈನೊ ಆಮ್ಲ, ಅವು ಸಾಲಾಗಿ ಪೋಣಿಸಿಕೊಂಡರೆ ಪ್ರೋಟೀನು. ಇಷ್ಟೇ ತಾನೆ? ಅರವತ್ನಾಲ್ಕು ಸಂಕೇತಗಳ ಕೋಷ್ಟಕವನ್ನು ರೊಟ್ಟಿ ಬಡಿಯುತ್ತಾ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಎಲ್ಲಿಂದ ಕೇಳಿದರೂ ಹೇಳುತ್ತಿದ್ದೆ. "ಅಬಬಬ, ನೋಡಪಾ ನಮ್ಮವ್ವನ್ನ!" ಎಂದು ಮಗಳು ಬಾಯಿ ಮೇಲೆ ಕೈಯಿಟ್ಟಿದ್ದಳು.

ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಾಲು ಅಕ್ಷರ ಬರೆದು, "ಯಾರ್ ಓದ್ತೀರಿ?" ಎಂದರು. ನನ್ನ ಕೈ ತಾನಾಗಿ ಮೇಲೆದ್ದಿತು.

"ಬರ್ರಿ ಅಕ್ಕಾರ."

ಹೋದೆ, ಸೊಕ್ಕಿನಿಂದಲೇ ಹೋದೆ. ಮೊದಲ ಅಕ್ಷರದಿಂದ ಹಿಡಿದು ಜಿಸಿಎ ಅಲನಿನ್, ಯುಜಿಯು ಸಿಸ್ಟೀನ್, ಯುಸಿಜಿ ಸೆರಿನ್, ಎಎಯು ಆಸ್ಪರಜಿನ್ ಎಂದು ಗಡಗಡ ಒದರಿದೆ. ಕೊನೆಗೆ ಎರಡು ಅಕ್ಷರ ಉಳಿದವು. ಎರಡಕ್ಕೆ ಏನೂ ಆಗುವುದಿಲ್ಲ. ಚಾಕ್‌ಪೀಸು ಹಿಡಿದು ನಿಂತೇ ಇದ್ದೆ.

"ಮೊದ್ಲು ಎಯುಜಿ ಎಲ್ಲೈತಿ ಅಂತ ಹುಡುಕ್ಬೇಕ್ರಿ. ಓದಾದು ಅಲ್ಲಿಂದ ಚಾಲೂ. ಅದರ ಹಿಂದಿಂದು ಲೆಕ್ಕಕ್ಕಿಲ್ಲ."

ಎಯುಜಿ ಶುರುವಾಗುವ ಮೂರನೆಯ ಅಕ್ಷರದಿಂದ ಮೇಷ್ಟ್ರೇ ಓದಿದರು: ಮೆಥಿಯೋನಿನ್, ಫಿನೈಲ್ ಅಲನಿನ್, ಗ್ಲುಟಾಮಿಕ್ ಆಮ್ಲ, ಆಮೇಲೆ ನಿಲ್ಲು ಎನ್ನುವ ಸಂಕೇತ. ನಾನು ಒದರಿದ್ದರಲ್ಲಿ ಒಂದೂ ಸರಿಯಿರಲಿಲ್ಲ. ಹುಡುಗರು ಕಿಸಕ್ಕನೆ ನಕ್ಕರು. ಮಗಳು ತಲೆ ಎತ್ತಲಿಲ್ಲ.

ಕ್ಲಾಸು ಬಿಟ್ಟ ಮೇಲೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮಗಳನ್ನು ಕೇಳಿದಳು, "ನಿಮ್ಮೂರ ಬಸ್ಸಿಗೇ ಬರ್ತಾರಲ್ಲ, ಯಾರಲೇ ಅವ್ರು?"

"ನಮ್ಮ ಓಣ್ಯಾರು," ಎಂದಳು ಮಗಳು. ನಾನು ಹಿಂದೆಯೇ ಇದ್ದದ್ದು ಅವಳಿಗೆ ತಿಳಿಯಲಿಲ್ಲ.

ಆ ಹುಡುಗಿ ತಿರುಗಿ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. "ಹೌದೇನ್ರಿ ಆಂಟಿ?"

"ಹೂನವಾ, ಒಂದೇ ಓಣಿ," ಎಂದೆ. ನಗುತ್ತಲೇ ಎಂದೆ.

ಬಸ್ಸಿನಲ್ಲಿ ಬೇರೆ ಬೇರೆ ಕುಳಿತೆವು. ಊರು ಬರಲಿ, ಇವಳಿಗೆ ಮಾಡ್ತೀನಿ ಎಂದು ನಾನು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದೆ. ಇಳಿದು ನಾನು ಬಾಯಿ ತೆರೆಯುವ ಮೊದಲೇ ಅವಳು ಅತ್ತುಬಿಟ್ಟಳು.

"ನಾ ಏನೋ ಕೆಟ್ಟಾಕಿ, ಅಂದ್ಬಿಟ್ಟೆ. ನೀ ಯಾಕ ಹೂಂ ಅಂದಿ? ಇಕಿ ನನ್ನ ಮಗಳು ಅನ್ನಾಕ ನಿನಗೇನಾಗಿತ್ತಬೇ?"

"ನಿನ್ನ ಮಾನ ಉಳಿಸಾಕ ಹೂಂ ಅಂದೆ" ಎನ್ನಬೇಕೆಂದಿದ್ದೆ. ಅದು ಸುಳ್ಳು. ಎಲ್ಲರೆದುರು ನಗೆಗೀಡಾದ ಮೇಲೆ ಅವಳ ತಾಯಿ ಎನ್ನಿಸಿಕೊಳ್ಳಲು ನಾಚಿದವಳು ನಾನೇ.