ನೋಡದೆ ಹೇಳಿದ ಐದು ಡಿಗ್ರಿ

ಅವರ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಬಿಸಿ ಡಾಂಬರು ಮುಟ್ಟಿ ಮುಟ್ಟಿ ನುಣ್ಣಗಾಗಿತ್ತು; ಆಧಾರ್ ಮೆಷಿನ್ನು ಅವರನ್ನು ಅವರೇ ಎಂದು ಒಪ್ಪುತ್ತಿರಲಿಲ್ಲ. ಬನಶಂಕರಿಯ ಸಣ್ಣ ಲ್ಯಾಬೊಂದರಲ್ಲಿ ನನಗೆ ಕೆಲಸ ಕಲಿಸಿದ ಸಾರ್ ಅವರು.

ಮಣ್ಣಿನ ಅಣೆಕಟ್ಟಿನ ಹೊಟ್ಟೆಯೊಳಗೆ ನೀರು ಸೋರದಿರಲೆಂದು ಡಾಂಬರು ಜಲ್ಲಿಯ ಗೋಡೆ ಕಟ್ಟುತ್ತಾರೆ. ಅದರ ತುಂಡುಗಳು ಪರೀಕ್ಷೆಗೆ ನಮ್ಮಲ್ಲಿಗೆ ಬರುತ್ತಿದ್ದವು. "ನಮ್ಮೂರ ಸೆಕೆಗೆ ಇದು ಚಕ್ಕುಲಿ ಹಿಟ್ಟಮ್ಮ, ಹೆಂಗೆ ಬೇಕಾದ್ರೂ ಬಗ್ಗುತ್ತೆ. ಚಳಿಗೆ ಕರಿದ ಚಕ್ಕುಲಿ. ಲಟಕ್ ಅನ್ನುತ್ತೆ. ಅಣೆಕಟ್ಟಿರೋ ಕಡೆ ಚಳೀನ ಇಲ್ಲಿ ಕೊಟ್ಟು ನೋಡ್ಬೇಕು" ಎನ್ನುತ್ತಿದ್ದರು.

ಅವರದೊಂದು ಕಟ್ಟಳೆ: ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು. ಥರ್ಮಾಮೀಟರಿನ ಸಣ್ಣ ಗೆರೆ ಅವರಿಗೆ ಕಾಣದಾದ ಮೇಲೆ ಓದುವವಳು ನಾನೇ.

ಹಿಮ ಬೀಳುವ ಕಡೆಯ ಅಣೆಕಟ್ಟೊಂದರ ತುಂಡುಗಳನ್ನು ಐದು ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಟ್ಟಿದ್ದೆವು. ಸಾರ್ ಊಟಕ್ಕೆ ಹೋಗಿದ್ದಾಗ ಕರೆಂಟು ಹೋಗಿ, ನೀರು ತಣಿಸುವ ಮೆಷಿನ್ನು ಬಹಳ ಹೊತ್ತು ನಿಂತು, ಆಗಷ್ಟೇ ಶುರುವಾಗಿತ್ತು. ಬಂದವರೇ "ಎಷ್ಟಮ್ಮಾ?" ಅಂದರು. ನಾನು ಫೋನು ನೋಡುತ್ತಿದ್ದೆ. ತೊಟ್ಟಿಯ ಕಡೆ ತಿರುಗದೆಯೇ "ಐದು ಸಾರ್" ಅಂದೆ. ಬರೆದುಕೊಂಡರು. ಒತ್ತಿದಾಗ ತುಂಡು ಒಂದು ಬಿರುಕೂ ಇಲ್ಲದೆ ಬಗ್ಗಿತು. ಸಹಿ ಬಿತ್ತು, ವರದಿ ಹೋಯಿತು.

ಅವರಿಗೇಕೋ ಸಮಾಧಾನವಾಗಲಿಲ್ಲ. ವಾರ ಬಿಟ್ಟು, ಉಳಿದಿದ್ದ ತುಂಡನ್ನು ಮತ್ತೆ ತಣ್ಣಗೆ ಮಾಡಿ, ಈ ಸಲ ನಾನು ನೋಡಿಯೇ ಐದು ಎಂದ ಮೇಲೆ ಒತ್ತಿದರು. ಎರಡು ಹೋಳಾಯಿತು.

"ಅವತ್ತು ಐದೇ ಇತ್ತೇನಮ್ಮಾ?"

"ಹೌದು ಸಾರ್."

ನನ್ನ ಬಾಯಿಗೆ ಬೆಂಕಿ ಬೀಳ! ಕೆಲಸ ಹೋದೀತೆಂಬ ಭಯ, ಅಷ್ಟೇ.

ಸಾರ್ ನೇರ ಲ್ಯಾಬಿನ ಮಾಲೀಕರ ಮುಂದೆ ಹೋಗಿ ನಿಂತರು. "ಓದಿದ್ದು ಸರಿ, ತುಂಡಿನ ನಂಬರ್ ನಾನೇ ತಪ್ಪು ಬರ್ದಿದೀನಿ. ವರದಿ ವಾಪಸ್ ತಗೊಳ್ಳಿ. ಅಣೆಕಟ್ಟಿನ ಕೆಳಗಡೆ ಜನ ಇದಾರೆ" ಅಂದರು. ವರದಿ ವಾಪಸಾಯಿತು. ಅವರನ್ನೂ ಕೆಲಸ ಬಿಡಿಸಿ ಮನೆಗೆ ಕಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಎರಡು ವರ್ಷ ಬಿಳೇಕಹಳ್ಳಿಯ ಅವರ ಮನೆ ಕಡೆ ಹೋಗುವ ಧೈರ್ಯ ಬರಲಿಲ್ಲ. ಕೊನೆಗೆ ಹೋಗಿದ್ದು ಅವರ ವೈಕುಂಠ ಸಮಾರಾಧನೆಗೆ. ಅವರ ಹೆಂಡತಿಗಾದರೂ ಎಲ್ಲ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೈ ಹಿಡಿದುಕೊಂಡರು.

"ನಿಮ್ಮ ಮಾತು ಬಂದಾಗೆಲ್ಲ ಹೇಳೋರಮ್ಮ, 'ಆ ಹುಡುಗಿ ಸರಿಯಾಗೇ ಓದಿದ್ಲು ಕಣೇ, ನನ್ ಕೈನೇ ಕೆಟ್ಟೋಯ್ತು' ಅಂತ. ಆಮೇಲೆ ಪೆನ್ನು ಮುಟ್ಲೇ ಇಲ್ಲ. ಬ್ಯಾಂಕಿನ ಚೀಟಿನೂ ನಾನೇ ಬರೀತಿದ್ದೆ."

ಹೇಳಲಿಲ್ಲ. ಎಲೆ ಹಾಕಿದರು. ಕೂತು, ಬಡಿಸಿದ್ದನ್ನೆಲ್ಲ ತಿಂದು, ಎದ್ದು ಬಂದೆ.