ಕುಸ್ತೋದಿಯಾ ಕೊಟ್ಟ ಮಾತು

ಕುಸ್ತೋದಿಯಾ ನಮ್ಮ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಚರ್ಚಿನ ಎದುರು ಜೋಳದ ರೊಟ್ಟಿ ಸುಟ್ಟು ಮಾರಿ ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ಆ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವಳು ಬೆನಿಲ್ದಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ', ಅಂದರೆ ಮಗುವಿನ ಜೊತೆತಾಯಿ, ಎಂದೇ ಕರೆದುಕೊಳ್ಳುತ್ತಿದ್ದರು.

ಬೆನಿಲ್ದಾ ಒಂಟಿ ಹೆಂಗಸು. ಪಲೋಮಾ ಎಂಬ ಹೇಸರಗತ್ತೆಯ ಬೆನ್ನ ಮೇಲೆ ಬೆಟ್ಟದವರ ಕಾಫಿ ಮೂಟೆಗಳನ್ನು ಪೇಟೆಗೆ ಇಳಿಸಿ ಹೊಟ್ಟೆ ಹೊರೆದವಳು. ಹಾಸಿಗೆ ಹಿಡಿದು ಇನ್ನೇನು ಹೋಗುವ ಹೊತ್ತಿಗೆ ಗೆಳತಿಯ ಕೈ ಹಿಡಿದುಕೊಂಡಳು.

"ಕೊಮಾದ್ರೆ, ಇನ್ಮೇಲೆ ಪಲೋಮಾ ಬೆನ್ನ ಮೇಲೆ ಯಾರೂ ಏನೂ ಹೇರಬಾರದು. ನನಗೋಸ್ಕರ ತೇದುಹೋಗಿದೆ ಅದು. ಮಾತು ಕೊಡು."

"ಕೊಟ್ಟೆ. ಈಗ ಸಾರು ಕುಡಿ."

ಕೋಣೆಯಲ್ಲಿ ಮತ್ಯಾರೂ ಇರಲಿಲ್ಲ. ಬೆನಿಲ್ದಾ ತೀರಿಕೊಂಡ ಮೇಲೆ ಪಲೋಮಾ ಕುಸ್ತೋದಿಯಾಳ ಹಿತ್ತಲಿಗೆ ಬಂತು.

ಮರುವರ್ಷದ ಬಿರುಗಾಳಿಗೆ ಶಾಲೆಯ ತಗಡು ಹಾರಿಹೋಯಿತು. ಅದೇ ಮಳೆಗೆ ಗುಡ್ಡ ಜರಿದು ರಸ್ತೆಯೂ ಮುಚ್ಚಿತು. ಮಕ್ಕಳು ಚರ್ಚಿನ ಜಗಲಿಯಲ್ಲಿ ಇರಚಲಿಗೆ ನೆನೆಯುತ್ತಾ ಪಾಠ ಕೇಳುತ್ತಿದ್ದರು. ಸಿಮೆಂಟು, ತಗಡು ಎಲ್ಲ ಜರಿದ ಗುಡ್ಡದ ಆಚೆ ಬಿದ್ದಿತ್ತು, ನಡುವೆ ಕಾಲುದಾರಿ ಮಾತ್ರ. ಊರೆಲ್ಲ ಮೋಟಾರ್ ಸೈಕಲ್ ಕೊಂಡ ಮೇಲೆ ಉಳಿದಿದ್ದ ಹೇಸರಗತ್ತೆ ಪಲೋಮಾ ಒಂದೇ. ಶಾಲೆಯ ಎವೆಲಿಯೊ ಮೇಷ್ಟ್ರು ಅದನ್ನು ಕೇಳಲು ಬಂದರು.

"ಅದರ ಕಾಲು ಕುಂಟು" ಎಂದಿದ್ದರೆ ಮುಗಿದುಹೋಗುತ್ತಿತ್ತು. ಕುಸ್ತೋದಿಯಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮೇಷ್ಟ್ರು ಒಳ್ಳೆಯವರು. ಮೆಲ್ಲಗೆ ಹೇಳಿದರು: "ಕುಸ್ತೋದಿಯಾ ಅವರೇ, ಬೆನಿಲ್ದಾ ಹೋಗಿಬಿಟ್ರು, ಅವರಿಗೆ ನೋವಾಗೋ ಹಾಗಿಲ್ಲ. ಪಲೋಮಾಗೂ ಹಗುರವಾಗೇ ಹೇರ್ತೀವಿ. ಈ ಕಡೆ ಇಷ್ಟು ಮಕ್ಕಳು ಕೆಮ್ತಿದಾರೆ. ನೀವೇ ತೂಗಿ ನೋಡಿ."

"ತೂಗಿದೆ ಮೇಷ್ಟ್ರೇ. ತಕ್ಕಡಿ ನಿಮ್ಮ ಕಡೆಗೇ ವಾಲುತ್ತೆ. ಆದ್ರೂ ಕೊಡಲ್ಲ."

"ನೀವು ಬಾಯಿ ಬಿಡದೇ ಇದ್ದಿದ್ರೆ ಈ ಮಾತು ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅದಕ್ಕೇ ಹೇಳಿದ್ದು. ನಾನೊಬ್ಬಳೇ ಇಟ್ಕೊಂಡಿದ್ರೆ ಯಾವತ್ತಾದ್ರೂ ಮೆತ್ತಗೆ ಜಾರಿಸಿಬಿಡ್ತಿದ್ದೆ."

ಊರಿಗೆ ಸಿಟ್ಟು ಬಂತು. ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ಮುದುಕ ಅನ್ಸೆಲ್ಮೊ. "ನೋಡ್ರಪ್ಪ, ಕತ್ತೆಗೆ ಪಿಂಚಣಿ, ಮಕ್ಕಳಿಗೆ ನೆಗಡಿ" ಎಂದು ಅವಳಿಗೆ ಕೇಳುವ ಹಾಗೇ ಹೇಳುತ್ತಿದ್ದ. ಎಷ್ಟೋ ಜನ ರೊಟ್ಟಿ ಕೊಳ್ಳುವುದನ್ನೇ ಬಿಟ್ಟರು. ಅವಳು ಒಲೆ ಆರಿಸಿ, ಉಳಿದವರ ಜೊತೆ ತಲೆಯ ಮೇಲೆ ತಗಡು ಹೊತ್ತಳು. ಶಾಲೆಯ ಮಾಡು ತಡವಾಗಿಯೇ ಆಯಿತು. ಅಷ್ಟರೊಳಗೆ ನಮ್ಮ ಚಿಕ್ಕವನಿಗೂ ಜ್ವರ ಬಂದು ಹೋಯಿತು. ನಾನೂ ಕೆಲವು ದಿನ ಅವಳ ಜೊತೆ ಮಾತಾಡಲಿಲ್ಲ.

ರಸ್ತೆ ಇನ್ನೂ ತೆರೆದಿರಲಿಲ್ಲ. ಒಂದು ಬೆಳಿಗ್ಗೆ ನಮ್ಮೂರ ಹುಡುಗಿ, ಬಸುರಿ ಯೊಲಿಮಾಗೆ ದಿನ ತುಂಬುವ ಮೊದಲೇ ನೋವು ಬಂತು, ರಕ್ತ ಹೋಗತೊಡಗಿತು. ನಾಲ್ವರು ಕಂಬಳಿಯಲ್ಲಿ ಹೊತ್ತು ಗುಡ್ಡದಾಚೆಯ ಆಸ್ಪತ್ರೆಗೆ ಸಾಗಿಸೋಣವೆಂದರೆ ಇಬ್ಬರು ಅಕ್ಕಪಕ್ಕ ನಡೆಯಲಾಗದ ದಾರಿ. ಕುಸ್ತೋದಿಯಾಳನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಅವಳೇ ಪಲೋಮಾಗೆ ಜೀನು ಬಿಗಿದು, ಮೇಲೆ ತನ್ನ ಹಾಸಿಗೆಯನ್ನು ಮಡಿಸಿ ಹಾಕಿಕೊಂಡು ಬಂದು ನಿಂತಳು.

"ಕೂರಿಸಿ ಬೇಗ."

ಹಗ್ಗ ಹಿಡಿದು ಮುಂದೆ ನಡೆದಳು. ಯೊಲಿಮಾ ಜಾರದಂತೆ ಹಿಡಿದುಕೊಂಡು ನಾನು ಹಿಂದೆ. ದಾರಿಯುದ್ದಕ್ಕೂ ಕುಸ್ತೋದಿಯಾ ಯಾರೊಂದಿಗೋ ಮಾತಾಡುತ್ತಲೇ ಇದ್ದಳು: "ಬೈಬೇಡ ಕೊಮಾದ್ರೆ. ನೋಡು, ಹುಡುಗಿ ಮುಖ ಹೆಂಗೆ ಬಿಳಿಚಿದೆ. ನೀನಿದ್ದಿದ್ರೂ ಇದನ್ನೇ ಮಾಡ್ತಿದ್ದೆ ಅಲ್ವಾ? ಅಲ್ವಾ?"

ತಾಯಿ, ಮಗು ಇಬ್ಬರೂ ಉಳಿದರು.

ವಾಪಸ್ಸು ಬಂದಾಗ ಮೇಷ್ಟ್ರು ಬೆಲ್ಲದ ಬಿಸಿನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು.

"ಜಗಳಕ್ಕೆ ಕೇಳ್ತಿಲ್ಲ. ನಾನು ಹಾಕಿದ ಲೆಕ್ಕಾನೂ ಇದೇ ಆಗಿತ್ತಲ್ವಾ?"

"ನಿಮ್ಮ ಲೆಕ್ಕ ತಪ್ಪು ಅಂತ ನಾನೆಲ್ಲಿ ಹೇಳಿದೆ? ಮಾಡು ಕಾಯ್ತಿತ್ತು. ಇದು ಕಾಯ್ತಿರಲಿಲ್ಲ."

"ಯಾವುದು ಕಾಯುತ್ತೆ, ಯಾವುದು ಕಾಯಲ್ಲ ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ನಿಮ್ಮ ಮಕ್ಕಳು ಕೆಮ್ಮಿದಾಗೆಲ್ಲ ಕೊಟ್ಟ ಮಾತು ಚುಚ್ತಿತ್ತು. ಇವತ್ತು ಅದನ್ನ ಮುರಿದಿದ್ದೂ ಚುಚ್ತಿದೆ." ಲೋಟ ಕೆಳಗಿಟ್ಟು ಅತ್ತುಬಿಟ್ಟಳು. ಮೇಷ್ಟ್ರು ಅವಳಿಗೆ ಸಮಾಧಾನವಾಗುವವರೆಗೆ ಪಕ್ಕದಲ್ಲೇ ಕೂತಿದ್ದರು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಕುಸ್ತೋದಿಯಾ ಎಲ್ಲರೆದುರು ಎದ್ದು ನಿಂತು, "ಬೆನಿಲ್ದಾಗೆ ಕೊಟ್ಟ ಮಾತನ್ನ ಮುರಿದಿದ್ದೀನಿ, ನಿಮಗೂ ಗೊತ್ತಿರಲಿ" ಎಂದಳು. ಅಲ್ಲಿಂದ ಸೀದಾ ಗೋರಿಗೆ ಹೋಗಿ ಅಲ್ಲಿಯೂ ಹೇಳಿಬಂದಳು. ಆಮೇಲೆ ಪಲೋಮಾ ಬದುಕಿರುವವರೆಗೂ ಅದರ ಬೆನ್ನ ಮೇಲೆ ನೊಣ ಬಿಟ್ಟರೆ ಬೇರೇನೂ ಕೂರಲಿಲ್ಲ.

ಕೆಲವು ಕಾಲದ ಮೇಲೆ ಅನ್ಸೆಲ್ಮೊ ಹಾಸಿಗೆ ಹಿಡಿದ. ಪಾದ್ರಿಗಿಂತ ಮೊದಲು ಕುಸ್ತೋದಿಯಾಗೆ ಹೇಳಿಕಳಿಸಿದ. ನಮಗೆಲ್ಲ ಆಶ್ಚರ್ಯ.

"ಒಂದು ಸಲ ಮಾತು ಮುರಿದವಳು ಕಣೋ ಅವಳು" ಎಂದು ಯಾರೋ ನೆನಪಿಸಿದರು.

"ಮುರಿಯೋವಾಗ ಅವಳಿಗೆ ನೋವಾಯ್ತಲ್ಲ, ನನಗಷ್ಟು ಸಾಕು" ಎಂದ ಮುದುಕ.

ಅವನು ಕೇಳಿದ್ದು ವಿಚಿತ್ರವಾಗಿತ್ತು. ಅವನಿಗೆ ಇಸ್ಮೇನಿಯಾ ಎಂಬ ತಂಗಿ. ಅಣ್ಣ ತಂಗಿ ಒಂದೇ ಮನೆಯಲ್ಲಿದ್ದು ಬದುಕೆಲ್ಲ ಕಚ್ಚಾಡಿದವರು. "ನಾನು ಹೋದ್ಮೇಲೆ ಅವಳಿಗೆ ಜಗಳಕ್ಕೆ ಯಾರೂ ಸಿಗಲ್ಲ. ಎಲ್ಲರೂ ಅಯ್ಯೋ ಪಾಪ ಅಂತಾರೆ, ಅದಕ್ಕೇ ಸತ್ತುಹೋಗ್ತಾಳೆ. ನೀನು ದಿನಾ ಒಂದು ಗಳಿಗೆ ಹೋಗಿ ಅವಳ ಜೊತೆ ಜಗಳ ಆಡು."

ಕುಸ್ತೋದಿಯಾ ಮಾತು ಕೊಟ್ಟಳು. ಈಗ ದಿನಾ ಸಂಜೆ ರೊಟ್ಟಿ ಒಲೆ ಆರಿದ ಮೇಲೆ ಬಟ್ಟೆಯ ಹಿಟ್ಟು ಕೊಡವಿಕೊಂಡು ಆ ಮನೆಯ ಕಡೆ ಹೊರಡುತ್ತಾಳೆ. ಕುಡಿಯಲು ಕೊಟ್ಟ ಬಿಸಿ ಚಾಕೊಲೇಟು ನೀರಾಗಿದೆ ಎಂದು ಇವಳು, ನಿನ್ನ ನಾಲಿಗೆ ಸತ್ತಿದೆ ಎಂದು ಅವಳು. ಇಸ್ಮೇನಿಯಾಳ ದನಿ ನಮ್ಮ ಅಂಗಳದವರೆಗೂ ಗಟ್ಟಿಯಾಗಿ ಕೇಳಿಸುತ್ತದೆ.